ಗಾಳಿಯ ಪೈಪಿನಲ್ಲಿ ನೀರು

ಕಂಪ್ರೆಸರ್ ನಮ್ಮ ಶೆಡ್ಡಿಗೆ ಬಂದದ್ದು ಜೂನ್ ತಿಂಗಳ ಎರಡನೆಯ ಸೋಮವಾರ. ಆ ದಿನದ ಪುಟದಲ್ಲಿ ನಾನು ಬರೆದುಕೊಂಡಿರುವುದು ಇಷ್ಟೇ. ಮೋಡ ಕವಿದಿತ್ತು, ಮಳೆ ಬರಲಿಲ್ಲ. ಬೆಳಿಗ್ಗೆ ಹೋದ ಕರೆಂಟು ಊಟದ ಹೊತ್ತಿಗೆ ಬಂತು. ಅಪ್ಪ ಊಟ ಮಾಡಲಿಲ್ಲ.

ಹೈಸ್ಕೂಲಿನಿಂದಲೂ ನನಗೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸ. ಮಳೆ, ಕರೆಂಟು, ಶೆಡ್ಡಿಗೆ ಬಂದ ಗಾಡಿ, ಹೋದ ಗಾಡಿ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಆ ವರ್ಷ ಬಣ್ಣದ ಡಬ್ಬಿಗಳ ಲೆಕ್ಕವೂ ಅದಕ್ಕೆ ಸೇರಿತ್ತು. ಅಮ್ಮ ಅದನ್ನು ನೋಡಿ, ‘ಇವಳು ನಮ್ಮನೆ ಶ್ಯಾನುಭೋಗಳು’ ಎನ್ನುತ್ತಿದ್ದಳು.

ಅಪ್ಪ ಲಾರಿಗಳಿಗೆ ಬಣ್ಣ ಹೊಡೆಯುವವರು. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯ ಪಕ್ಕ, ಲಾರಿಯೊಂದು ಪೂರ್ತಿ ಒಳಗೆ ನಿಲ್ಲುವಷ್ಟು ಉದ್ದದ ತಗಡಿನ ಶೆಡ್ಡು ನಮ್ಮದು. ಹೈವೇ ಇನ್ನೂ ಎರಡು ಗಾಡಿ ಎದುರುಬದುರು ಹಾಯುವಷ್ಟೇ ಅಗಲವಿದ್ದ ಕಾಲ ಅದು. ಲಾರಿಯನ್ನು ಎಫ್.ಸಿ.ಗೆ, ಅಂದರೆ ಆರ್.ಟಿ.ಓ. ತಪಾಸಣೆಗೆ, ಒಯ್ಯುವ ಮೊದಲು ಹೊಸ ಬಣ್ಣ ಬೇಕೇಬೇಕು. ಹಾಗಾಗಿ ಅಪ್ಪನಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ಹುಡುಗರಾಗಿದ್ದಾಗ ತುರುವನೂರಿನಲ್ಲಿ ಎತ್ತಿನ ಗಾಡಿಗಳ ಗಾಲಿಗೆ, ಮೂಕಿಗೆ ಬಣ್ಣ ಬಳಿದು ಕಲಿತ ಕೈ ಅವರದು. ಬ್ರಷ್ಷಿನಲ್ಲಿ ಹಳದಿ ಅದ್ದಿಕೊಂಡು ಡೋರಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆಯುವಾಗ ಅವರು ಉಸಿರು ಬಿಡುತ್ತಿರಲಿಲ್ಲ. ಗೆರೆ ಮುಗಿದ ಮೇಲೆ ಬಿಡುತ್ತಿದ್ದ ಉಸಿರು ಶೆಡ್ಡಿನ ಬಾಗಿಲಲ್ಲಿ ಕುಳಿತ ನನಗೂ ಕೇಳುತ್ತಿತ್ತು.

ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಅವರ ಬಲಗೈ ಹೆಬ್ಬೆರಳು ನಡುಗಲು ಶುರುವಾಯಿತು. ಮೊದಲು ಸುಮ್ಮನೆ ಕೂತಾಗ ಮಾತ್ರ. ಯುಗಾದಿಯ ಹೊತ್ತಿಗೆ ಮಣಿಕಟ್ಟಿನವರೆಗೂ ಬಂತು. ದಾವಣಗೆರೆಯ ಡಾಕ್ಟರು ಇದು ನರದ್ದು, ಪೂರ್ತಿ ಹೋಗುವುದಿಲ್ಲ, ಮಾತ್ರೆ ತೆಗೆದುಕೊಂಡರೆ ನಿಧಾನವಾಗಬಹುದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಕಿಟಕಿಯ ಸರಳನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಬಂದರು. ಊರು ಬಂದಾಗ, ಜೊತೆಗಿದ್ದ ನನಗೆ ಹೇಳಿದ್ದು ಒಂದೇ ಮಾತು.

“ಶೆಡ್ಡಲ್ಲಿ ಯಾರಿಗೂ ಗೊತ್ತಾಗೋದು ಬ್ಯಾಡ ಕಣವ್ವ.”

ಗೊತ್ತಾಗದಂತೆ ಅವರು ಉಪಾಯ ಮಾಡಿಕೊಂಡರು. ಕೈ ಬೆಳಗಿನ ಹೊತ್ತು ಸ್ವಲ್ಪ ಶಾಂತವಾಗಿರುತ್ತಿತ್ತು. ಗೆರೆಗಳನ್ನೆಲ್ಲ ಆಗಲೇ ಎಳೆದು ಮುಗಿಸುತ್ತಿದ್ದರು. ಚಹಾ ಬಂದರೆ ಲೋಟವನ್ನು ಹಲಗೆಯ ಮೇಲೆ ಇಡಿಸಿಕೊಂಡು, ನೋಡುವವರು ಯಾರೂ ಇಲ್ಲದಾಗ ಕುಡಿಯುತ್ತಿದ್ದರು. ಆದರೂ ಮೇ ತಿಂಗಳಲ್ಲಿ ಒಂದು ಲಾರಿಯ ಹಿಂದಿನ ಹಲಗೆಯಲ್ಲಿ ಗೆರೆ ಅಲೆಯಾಯಿತು. ಅದನ್ನು ಒರೆಸಿ ಮತ್ತೆ ಎಳೆದರು, ಮತ್ತೆ ಒರೆಸಿದರು. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದರು: “ಸ್ಪ್ರೇ ಗನ್ನಿಗೆ ಹೋಗಿಬಿಡಾಣ. ಗನ್ನಲ್ಲಿ ಗೆರೆ ಎಳೆಯೋದಿಲ್ಲ, ಬೀಸೋದು. ಬೀಸೋ ಕೈ ಒಂದಿಷ್ಟು ಅಲ್ಲಾಡಿದ್ರೆ ಯಾರಿಗ್ ಕಾಣ್ಸುತ್ತೆ?”

ಕೇಳಿದವರಿಗೆಲ್ಲ ಹೇಳಿದ್ದು ಬೇರೆ. ಈಗ ಎಲ್ಲರೂ ಸ್ಪ್ರೇ ಮಿರುಗನ್ನೇ ಕೇಳುತ್ತಾರೆ, ಬ್ರಷ್ಷಿನ ಕಾಲ ಮುಗಿಯಿತು, ಅಂತ.

ಹಿರಿಯೂರಿನ ವೃತ್ತದ ಹತ್ತಿರ ಟಯರು ಅಂಗಡಿಯೊಂದನ್ನು ಮುಚ್ಚುತ್ತಿದ್ದರು. ಅಲ್ಲಿದ್ದ ಹಳೆಯ ಕಂಪ್ರೆಸರನ್ನು ಅಪ್ಪ ನೋಡಿ ಬಂದರು. ಮಲಗಿಸಿದ ಉದ್ದನೆಯ ಟ್ಯಾಂಕು, ಅದರ ಬೆನ್ನ ಮೇಲೆ ಮೋಟಾರು, ಬೆಲ್ಟು, ಎರಡು ಸಿಲಿಂಡರು. ಮಾರಿದವನು ಕೊನೆಗೆ ಒಂದು ಮಾತು ಹೇಳಿದ್ದ: ದಿನಾ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ ನೀರು ಬಸಿಯಬೇಕು. ಗಾಳಿಯ ಯಂತ್ರದಲ್ಲಿ ನೀರು ಯಾಕೆ ಬರುತ್ತದೆಂದು ಅಪ್ಪ ಕೇಳಲಿಲ್ಲ. ದಿನಾ ತಪ್ಪದೆ ಬಸಿದರು, ಅಷ್ಟೇ.

ಪೈಪಿನ ಕೆಲಸಕ್ಕೆ ಬಂದವನು ನಮ್ಮ ಚಿಕ್ಕಪ್ಪ. ಅಪ್ಪನ ತಮ್ಮ, ಆದಿವಾಲದಲ್ಲಿ ಮನೆ. ಸುತ್ತಮುತ್ತ ಬೋರು ಕೊರೆಸಿದವರೆಲ್ಲ ಪೈಪು ಎಳೆಸಲು ಅವನನ್ನೇ ಕರೆಯುತ್ತಿದ್ದರು. ನಮ್ಮ ಕಡೆ ನೀರು ಎಂದರೆ ಗೊತ್ತಲ್ಲ, ಎಲ್ಲಿಂದಲೋ ಎಳೆದು ತರುವ ವಸ್ತು. ತಂದ ನೀರಿನಲ್ಲಿ ಒಂದು ಹನಿಯೂ ಪೈಪಿನ ಹೊಟ್ಟೆಯಲ್ಲಿ ನಿಲ್ಲದೆ ನಲ್ಲಿಯ ಬಾಯಿಗೆ ಬರಬೇಕು; ಅದೇ ಅವನ ಕಸುಬಿನ ಹೆಮ್ಮೆ. ಪ್ಲಾಸ್ಟಿಕ್ ಪೈಪು ಗಾಳಿಯ ಒತ್ತಡಕ್ಕೆ ಸಿಡಿಯುತ್ತದೆಂದು ಯಾರೋ ಹೇಳಿದ್ದರಿಂದ ಮುಕ್ಕಾಲು ಇಂಚಿನ ಕಬ್ಬಿಣದ ಪೈಪು ತಂದಿದ್ದ. ಜೊತೆಗೆ ಪೈಪಿನ ತುದಿಗೆ ತಿರುಪಿನ ಮರೆ ಕೊರೆಯುವ ಸಾಮಾನು, ಜೋಡಣೆಗೆ ಸುತ್ತುವ ಸಣಬಿನ ನಾರು, ಅದರ ಮೇಲೆ ಮೆತ್ತುವ ಸಫೇದದ ಡಬ್ಬಿ.

ಕಂಪ್ರೆಸರನ್ನು ಶೆಡ್ಡಿನ ಹೊರಗೆ, ಬಣ್ಣದ ಧೂಳು ಎಳೆದುಕೊಳ್ಳದ ಕಡೆ, ತಗಡಿನ ಚಪ್ಪರದಡಿ ಇಟ್ಟರು. ಅಮ್ಮ ವಿಭೂತಿ ಹಚ್ಚಿ ಕಾಯಿ ಒಡೆದಳು. ಸ್ವಿಚ್ ಹಾಕಿದಾಗ ಚಕ್ರ ಅದರ ಮೇಲಿನ ಬಾಣದ ಗುರುತಿಗೆ ಎದುರು ದಿಕ್ಕಿನಲ್ಲಿ ತಿರುಗಿತು. ಎರಡು ವೈರು ಅದಲು ಬದಲು ಮಾಡಿದ ಮೇಲೆ ಸರಿಹೋಯಿತು.

ಚಿಕ್ಕಪ್ಪ ಪೈಪನ್ನು ಗೋಡೆಯ ಮೇಲೆ, ಆಳೆತ್ತರಕ್ಕಿಂತ ಜಾಸ್ತಿ ಎತ್ತರದಲ್ಲಿ ಓಡಿಸಿದ. ಕಂಪ್ರೆಸರ್ ಕಡೆ ಎತ್ತರ, ಒಳಗೆ ಹೋಗುತ್ತ ಹೋಗುತ್ತ ಇಳಿಜಾರು. ಕೊನೆಯ ನಲ್ಲಿ ಶೆಡ್ಡಿನ ಒಳತುದಿಯಲ್ಲಿ, ಅಪ್ಪ ಗನ್ನು ಹಿಡಿದು ನಿಲ್ಲುವ ಜಾಗದಲ್ಲಿ. ನಡುವೆ ಇನ್ನೆರಡು. ಮೂರೂ ಪೈಪಿನ ಹೊಟ್ಟೆಯಿಂದ ನೇರ ಕೆಳಗಿಳಿಯುತ್ತಿದ್ದವು, ಮನೆಯ ನಲ್ಲಿಗಳ ಹಾಗೆಯೇ. ದಾರದ ಮಟ್ಟ ಹಿಡಿದು ಇಳಿಜಾರನ್ನು ಎಷ್ಟು ಸಾರಿ ನೋಡಿದನೋ.

“ಗಾಳಿಗೆ ಯಾಕಪ್ಪ ಇಳಿಜಾರು? ಅದೇನು ಉರುಳ್ಕಂಡು ಬರುತ್ತಾ?” ಎಂದು ಅಪ್ಪ ಕೇಳಿದರು.

“ಅಣ್ಣ, ನೀನು ಬಣ್ಣ ನೋಡ್ಕ. ಪೈಪು ಅಂದ್ಮೇಲೆ ಇಳಿಜಾರು ಇರ್ಬೇಕು. ಸೊಟ್ಟ ಪೈಪ್ ಎಳ್ದ ಅಂತ ನಾಳೆ ಯಾರಾದ್ರೂ ಅಂದ್ರೆ ನನ್ ಮುಖ ಎಲ್ಲಿಡ್ಲಿ?”

ಜೋಡಣೆಗಳ ಮೇಲೆ ಸೋಪಿನ ನೊರೆ ಹಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆಂದು ನೋಡಿದೆವು. ಒಂದು ಕಡೆಯೂ ಏಳಲಿಲ್ಲ. ಚಿಕ್ಕಪ್ಪ ಕೈ ತೊಳೆದುಕೊಂಡು, “ನೀರ್ ಬಿಟ್ರೂ ಒಂದ್ ಹನಿ ಸೋರಲ್ಲ” ಎಂದು ಹೇಳಿ ಹಿರಿಯೂರಿನ ಬಸ್ಸು ಹತ್ತಿದ.

ಮೊದಲ ಗಾಡಿ ಹೊಳಲ್ಕೆರೆಯ ಸಾಹುಕಾರರೊಬ್ಬರ ಟಿಪ್ಪರ್. ಅದಿರು ಹೊರುವ ಗಾಡಿಗಳನ್ನು ಇಟ್ಟಿದ್ದವರು ಅವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಗಟ್ಟಿ ದನಿ, ಆದರೆ ಒರಟರಲ್ಲ. ಅವರ ಲಾರಿಗಳೆಲ್ಲ ವರ್ಷಗಳಿಂದ ಅಪ್ಪನ ಕೈಯಲ್ಲೇ ಬಣ್ಣ ಕಂಡವು. ಇದು ಸ್ಪ್ರೇಯಲ್ಲಿ ಚೆನ್ನಾಗಿ ಬಂದರೆ ಉಳಿದವೂ ನಮ್ಮಲ್ಲಿಗೇ, ಇಲ್ಲದಿದ್ದರೆ ದಾವಣಗೆರೆಗೆ. ಇದನ್ನು ಅವರು ಬೆದರಿಕೆಯಾಗಿ ಹೇಳಲಿಲ್ಲ, ಮಾತಿನ ನಡುವೆ ಹೇಳಿದರು. ಎಫ್.ಸಿ.ಗೆ ಎರಡು ವಾರವಿತ್ತು.

ಅಪ್ಪ ಗನ್ನು ಹಿಡಿದ ಮೊದಲ ದಿನ ನನಗೆ ನೆಮ್ಮದಿಯಾಯಿತು. ಕೈ ನಡುಗುತ್ತಿತ್ತು, ನಿಜ. ಆದರೆ ರಬ್ಬರಿನ ಪೈಪನ್ನು ಹೆಗಲ ಮೇಲೆ ಹಾಕಿಕೊಂಡಾಗ ಅದರ ಭಾರಕ್ಕೆ ಮಣಿಕಟ್ಟು ಸ್ವಲ್ಪ ಹಿಡಿತಕ್ಕೆ ಬಂದಂತಿತ್ತು. ಕಡುಗೆಂಪು ಬಣ್ಣ ಡೋರಿನ ಮೇಲೆ ಹಬೆಯ ಹಾಗೆ ಕೂತು, ನೋಡನೋಡುತ್ತಿದ್ದಂತೆ ಹೊಳಪಾಯಿತು. ಅಪ್ಪ ತಿರುಗಿ ನನ್ನನ್ನು ನೋಡಿದರು. ಬಾಯಿಗೆ ಬಟ್ಟೆ ಕಟ್ಟಿದ್ದರು; ನಕ್ಕದ್ದು ಕಣ್ಣಿನಲ್ಲಿ ಗೊತ್ತಾಯಿತು.

ಸಂಜೆ ಒಣಗಿದ ಮೇಲೆ ಗುಳ್ಳೆಗಳು ಕಂಡವು. ಸಾಸಿವೆ ಕಾಳಿನಷ್ಟು ಸಣ್ಣವು. ಕೆಲವು ಒಡೆದು ಗುಳಿಯಾಗಿದ್ದವು. ಎಡಗಡೆಯ ಡೋರಿನಲ್ಲಿ ಹುಡುಕಿದರೆ ಸಿಗುವಷ್ಟು, ಬಲಗಡೆಯದರಲ್ಲಿ ಸಿಡುಬು ಎದ್ದ ಮುಖದಷ್ಟು.

ಅಪ್ಪ ಥಿನ್ನರ್ ಸರಿಯಿಲ್ಲ ಎಂದರು. ಬೇರೆ ತರಿಸಿದೆವು. ತಗಡಿನ ತಗ್ಗು ಮುಚ್ಚಲು ಮೆತ್ತಿದ್ದ ಲಂಬ ಹಸಿಯಾಗಿತ್ತೇನೋ ಎಂದು ಇನ್ನೊಂದು ದಿನ ಒಣಗಲು ಬಿಟ್ಟೆವು. ತಗಡಿಗೆ ಎಣ್ಣೆಪಸೆ ಇರಬಹುದೆಂದು ಸೋಪು ಹಾಕಿ ತೊಳೆದೆವು. ಗಾಳಿಗೆ ಧೂಳು ಬರದಂತೆ ಬಾಗಿಲಿಗೆ ಟಾರ್ಪಾಲಿನ್ ಕಟ್ಟಿದೆವು. ಅಮ್ಮ ಕಣ್ಣು ಬಿದ್ದಿದೆ ಎಂದು ಕಂಪ್ರೆಸರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿದಳು. ಗುಳ್ಳೆ ಬರುತ್ತಲೇ ಇತ್ತು. ಅಪ್ಪ ವಾಟರ್ ಪೇಪರ್ ಹಿಡಿದು ಉಜ್ಜಿ ತೆಗೆಯುವುದು, ಮತ್ತೆ ಹೊಡೆಯುವುದು, ಮತ್ತೆ ಉಜ್ಜುವುದು.

ನಾನು ನನಗೆ ಗೊತ್ತಿದ್ದದ್ದನ್ನು ಮಾಡಿದೆ. ಯಾವ ಭಾಗ ಯಾವ ಹೊತ್ತಿನಲ್ಲಿ ಹೊಡೆದದ್ದು, ಎಷ್ಟು ಗುಳ್ಳೆ ಎದ್ದವು, ಅವತ್ತು ಮೋಡವೋ ಬಿಸಿಲೋ, ಎಲ್ಲವನ್ನೂ ಬರೆದಿಟ್ಟೆ. ವಾರ ಕಳೆಯುವಷ್ಟರಲ್ಲಿ ಲೆಕ್ಕ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳುತ್ತಿತ್ತು. ಅದು ಅಪ್ಪನ ಕಿವಿಗೆ ಬೀಳಬಾರದೆಂದು ನಾನು ಸುಮ್ಮನಿದ್ದೆ. ಅವರೇ ಒಂದು ಮಧ್ಯಾಹ್ನ ಗನ್ನು ತೊಳೆಯುತ್ತ ಕೇಳಿದರು.

“ನಿನ್ ಲೆಕ್ಕ ಏನಂತೈತೆ?”

“ಏನಿಲ್ಲಪ್ಪ, ಇನ್ನೂ ನೋಡ್ಬೇಕು.”

“ಬರ್ದಿದೀಯಲ್ಲ. ಹೇಳು.”

ಹೇಳಿದೆ. ಬೆಳಗ್ಗೆ ಹೊಡೆದ ಭಾಗದಲ್ಲಿ ಕಡಿಮೆ, ಹೊತ್ತು ಏರಿದಂತೆ ಜಾಸ್ತಿ, ಸಂಜೆಯದರಲ್ಲಿ ಎಲ್ಲಕ್ಕಿಂತ ಜಾಸ್ತಿ.

ಅವರು ಗನ್ನಿನ ಬಾಯಿಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. ಕೈ ಜೋರಾಗಿ ನಡುಗುತ್ತಿತ್ತು.

“ನನ್ ಕೈಯೂ ಹಂಗೇ ಅಲ್ಲವೇನವ್ವ” ಎಂದರು. “ಬೆಳಿಗ್ಗೆ ಕಮ್ಮಿ, ಸಂಜಿಗೆ ಜಾಸ್ತಿ.”

ಅವರು ಹೇಳಿದ್ದು ನನ್ನ ಲೆಕ್ಕಕ್ಕೆ ಸರಿಯಾಗಿ ಕೂತಿತ್ತು. ಕೈ ನಡುಗಿದರೆ ಬಣ್ಣ ಒಂದೇ ಸಮ ಬೀಳುವುದಿಲ್ಲ, ಚಿಮ್ಮಿ ಚಿಮ್ಮಿ ಬೀಳುತ್ತದೆ, ಅದೇ ಗುಳ್ಳೆ. ಅಪ್ಪ ಹೀಗೆಂದು ತೀರ್ಮಾನಿಸಿಬಿಟ್ಟಿದ್ದರು. ನನಗೂ ಹಾಗೆಯೇ ಅನ್ನಿಸಿತು. ಆ ದಿನದ ಪುಟವನ್ನು ಬರೆಯಲು ನನಗೆ ಮನಸ್ಸಾಗಲಿಲ್ಲ. ಮೋಡ, ಕರೆಂಟು ಎರಡನ್ನೇ ಬರೆದು ಮಲಗಿದೆ.

ಮಾರನೆಯ ದಿನ ಸಾಹುಕಾರರು ಬಂದರು. ಟಿಪ್ಪರಿನ ಸುತ್ತ ಒಂದು ಸುತ್ತು ಬಂದು, ಬಲಗಡೆ ಡೋರಿನ ಮೇಲೆ ಉಗುರು ಆಡಿಸಿದರು.

“ಯಜಮಾನ್ರೆ, ಇದೇನ್ರಿ ಇದು? ಗಾಡಿಗೆ ಅಮ್ಮ ಬಂದಂಗೈತೆ.”

“ಹೊಸ ಮಿಷನ್ನು ಸಾವ್ಕಾರ್ರೆ. ಇನ್ನೂ ಕೈಗೆ ಹತ್ತಿಲ್ಲ.”

“ಮಿಷನ್ ಯಾವ್ನಿಗ್ ಬೇಕ್ರಿ? ನೀವು ಬ್ರಷ್ಷಲ್ಲೇ ಹೊಡೀರಿ. ನಿಮ್ ಕೈ ನಂಬ್ಕಂಡು ಬರೋರು ನಾವು, ಮಿಷನ್ ನೋಡ್ಕಂಡಲ್ಲ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅಪ್ಪ ಬಲಗೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡು, “ಆಯ್ತು ಬಿಡ್ರಿ, ದಿನಕ್ಕೆ ಮುಂಚೆ ಮಾಡಿಕೊಡ್ತೀನಿ” ಎಂದರು. ಸಾಹುಕಾರರು ಹೋದ ಮೇಲೆ ಬ್ರಷ್ಷುಗಳ ಡಬ್ಬಿಯ ಕಡೆಗೆ ಹೋಗಲೂ ಇಲ್ಲ, ಗನ್ನನ್ನು ಮುಟ್ಟಲೂ ಇಲ್ಲ. ಮಗುಚಿದ ಬಣ್ಣದ ಡಬ್ಬಿಯ ಮೇಲೆ ಕೂತು ಟಿಪ್ಪರನ್ನೇ ನೋಡುತ್ತಿದ್ದರು. ಆಮೇಲೆ, “ನಿನ್ ಚಿಕ್ಕಪ್ಪಂಗೆ ಫೋನ್ ಮಾಡಿ ಬರೋಕೆ ಹೇಳು” ಎಂದರು. “ಪೈಪು ಬಿಚ್ಕಂಡು ಹೋಗ್ಲಿ. ಮಿಷನ್ ಯಾರಿಗಾದ್ರೂ ಕೊಟ್ಟುಬಿಡಾಣ.”

“ಗಾಡಿ?”

“ದಾವಣಗೆರಿಗೆ ಕಳಿಸ್ತೀನಿ. ನಾನೇ ಹೇಳ್ತೀನಿ ಅವ್ರಿಗೆ.”

“ಆಮೇಲೆ ಬರೋ ಗಾಡಿಗಳು?”

ಅವರು ಎದ್ದು ಬಾಗಿಲಿನ ಟಾರ್ಪಾಲಿನ್ ಬಿಚ್ಚತೊಡಗಿದರು. ನಾನು ಎಸ್.ಟಿ.ಡಿ. ಬೂತಿಗೆ ಹೋಗಿ ಆದಿವಾಲದ ಕಿರಾಣಿ ಅಂಗಡಿಯ ನಂಬರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಸುದ್ದಿ ಬಿಟ್ಟೆ. ಬರುವ ದಾರಿಯಲ್ಲಿ ಅತ್ತುಬಿಡುತ್ತೇನೇನೋ ಎನ್ನಿಸಿ, ಎದುರಿಗೆ ಬರುವ ಲಾರಿಗಳ ಬಣ್ಣ ನೋಡಿಕೊಂಡು ಬಂದೆ. ಅಪ್ಪನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಅದನ್ನು ಮಾಡುವುದು ನನ್ನ ಕಣ್ಣಿಗೆ ಕಟ್ಟಲಿಲ್ಲ.

ಚಿಕ್ಕಪ್ಪ ಬಂದದ್ದು ಬಿಚ್ಚುವುದಕ್ಕಲ್ಲ, ಜಗಳಕ್ಕೆ. ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಬಂದಿದ್ದ; ಹಿರಿಯೂರಿನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಬೇಕಾದವನು ಅದನ್ನು ಬಿಟ್ಟು ಬಂದಿದ್ದ.

“ಪೈಪ್ ಬಿಚ್ಬೇಕಂತೆ. ಯಾಕಣ್ಣ, ಏನಾಗೈತೆ ಪೈಪಿಗೆ?”

“ಪೈಪಿಗೇನೂ ಆಗಿಲ್ಲ. ನಂಗಾಗೈತೆ” ಎಂದರು ಅಪ್ಪ. ಮೊದಲ ಬಾರಿಗೆ ತಮ್ಮನ ಮುಂದೆ ಬಲಗೈಯನ್ನು ಚಾಚಿ ಹಿಡಿದರು. ಚಿಕ್ಕಪ್ಪ ಆ ಕೈಯನ್ನು ನೋಡಿದ, ನನ್ನ ಮುಖ ನೋಡಿದ. ಅವನ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು.

“ಯಾವಾಗಿಂದ?”

“ದೀಪಾವಳಿಯಿಂದ.”

“ನಂಗ್ ಹೇಳ್ಬಾರ್ದಾ? ಒಂದೇ ತಾಯಿ ಮೊಲೆ ಕುಡ್ದೋರಲ್ವಾ ನಾವು?” ಅವನ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಮತ್ತೆ ಗೊಣಗಿದ. “ಕೈ ನಡುಗಿದ್ರೆ ಬಣ್ಣ ಸೊಟ್ಟ ಬೀಳ್ಬೇಕು, ಗುಳ್ಳೆ ಯಾಕೆ ಏಳ್ಬೇಕು? ಗಾಳಿ ಸಾಲ್ದೇನೋ. ನೋಡ್ತೀನಿ ತಡಿ. ನನ್ ಪೈಪಲ್ಲಿ ಕಸ ಗಿಸ ಕಟ್ಟೈತೆ ಅನ್ನೋ ಮಾತು ನಂಗ್ ಬ್ಯಾಡ.”

ಹಾಗೆನ್ನುತ್ತ ಕಂಪ್ರೆಸರ್ ಹಾಕಿ, ಟ್ಯಾಂಕು ತುಂಬುವವರೆಗೆ ಓಡಿಸಿ, ಶೆಡ್ಡಿನ ಒಳತುದಿಗೆ ಹೋದ. ಕೊನೆಯ ನಲ್ಲಿಯಿಂದ ರಬ್ಬರಿನ ಪೈಪು ಕಳಚಿ, ಗಾಳಿಯ ರಭಸ ನೋಡಲು ಎದೆಯ ಹತ್ತಿರ ಅಂಗೈ ಹಿಡಿದು ನಲ್ಲಿ ತಿರುಗಿಸಿದ.

ಬಂದದ್ದು ನೀರು. ತುಕ್ಕಿನ ಬಣ್ಣದ ನೀರು, ಗಾಳಿಯ ಜೊತೆ ಸೀಳಿಕೊಂಡು ಬಂದು ಅವನ ಅಂಗಿಗೆ, ಮುಖಕ್ಕೆ, ಹಿಂದಿನ ಗೋಡೆಗೆ ಹೊಡೆಯಿತು. ಅವನು ನಲ್ಲಿ ಬಂದು ಮಾಡುವುದನ್ನೂ ಮರೆತು ನಿಂತ. ಆಮೇಲೆ ನೀರು ನಿಂತು ಬರೀ ಗಾಳಿ ಬಂತು. ಅಮ್ಮ ಓಡಿಬಂದು ನಲ್ಲಿ ತಿರುಗಿಸಿದಳು.

“ನೀರ್ ಎಲ್ಲಿಂದ ಬಂತು? ನಾನ್ ನೀರು ಬಿಟ್ಟಿಲ್ಲಲ್ಲ” ಎಂದ ಚಿಕ್ಕಪ್ಪ. ಆ ಮುಖಕ್ಕೆ ನನಗೆ ನಗು ಬಂತು. ಆದರೆ ಅಪ್ಪನನ್ನು ನೋಡಿ ನಗು ಅಲ್ಲೇ ಉಳಿಯಿತು. ಅವರು ಎದ್ದು ನಿಂತಿದ್ದರು.

ಟ್ಯಾಂಕಿನ ನೀರನ್ನು ಅವತ್ತು ಬೆಳಿಗ್ಗೆಯೇ ಬಸಿದಿದ್ದರು. ಹಾಗಾದರೆ ಪೈಪಿನೊಳಗಿನ ನೀರು ಪೈಪಿನಲ್ಲೇ ಹುಟ್ಟಿದ್ದು. ಬಿಂದಿಗೆಯ ತಣ್ಣೀರಿಗೆ ಹೊರಗೆ ಬೆವರು ಬರುತ್ತದಲ್ಲ, ಹಾಗೆ ಏನೋ ಇರಬೇಕು ಎಂದಳು ಅಮ್ಮ. ಚಿಕ್ಕಪ್ಪ ಕಂಪ್ರೆಸರ್ ಹತ್ತಿರದ ಪೈಪಿನ ಮೇಲೆ ಕೈ ಇಟ್ಟ. ಕೈ ಇಡಲಾಗದಷ್ಟು ಬಿಸಿ. ಒಳತುದಿಗೆ ಬಂದು ಇಟ್ಟ. ತಣ್ಣಗಿತ್ತು. ಯಂತ್ರ ಹೊತ್ತಿನಿಂದ ಹೊತ್ತಿಗೆ ಹೆಚ್ಚು ಕಾಯುತ್ತದೆ, ಕಾದ ಗಾಳಿ ಪೈಪಿನಲ್ಲಿ ಆರುತ್ತ ಬರುತ್ತ ನೀರು ಬಿಡುತ್ತದೆ, ಆ ನೀರು ಇಳಿಜಾರಿನಲ್ಲಿ ಹರಿದು ಕೊನೆಯ ನಲ್ಲಿಗೆ ಇಳಿಯುತ್ತದೆ. ಸಂಜೆಗೆ ಯಾಕೆ ಜಾಸ್ತಿ ಎಂಬುದು ಆಗ ನನಗೆ ಹೊಳೆಯಿತು.

ಚಿಕ್ಕಪ್ಪ ಗೋಡೆಯ ಮೇಲಿನ ತನ್ನ ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

“ಒಂದ್ ಹನಿ ನಿಲ್ಬಾರ್ದು ಅಂತ ಇಳಿಜಾರು ಕೊಟ್ಟು, ಸೀದಾ ನಿನ್ ಕೈಗೇ ತಂದು ಬಿಟ್ಟಿದೀನಲ್ಲಣ್ಣ” ಎಂದ.

ಅಪ್ಪ ನಂಬಲಿಲ್ಲ. ತಮ್ಮ ತನ್ನನ್ನು ಸಮಾಧಾನ ಮಾಡುತ್ತಿದ್ದಾನೆಂದು ಅವರಿಗೆ ಅನ್ನಿಸಿರಬೇಕು. “ನೀರು ಬಂದಿರ್ಬೋದು. ಅದ್ರಿಂದ್ಲೇ ಗುಳ್ಳೆ ಅಂತ ಹೆಂಗ್ ಹೇಳ್ತೀಯ?” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀನ್ ಹೊಡಿ” ಎಂದರು.

ಕಂಪ್ರೆಸರನ್ನು ಬಹಳ ಹೊತ್ತು ಓಡಲು ಬಿಟ್ಟೆವು. ಹಳೆಯ ತಗಡಿನ ತುಂಡೊಂದನ್ನು ಗೋಡೆಗೆ ಒರಗಿಸಿ, ಅದೇ ಕೊನೆಯ ನಲ್ಲಿಗೆ ಪೈಪು ಸಿಕ್ಕಿಸಿ, ಗನ್ನನ್ನು ನನ್ನ ಕೈಗೆ ಕೊಟ್ಟರು. ನಾನು ಅದುವರೆಗೆ ಗನ್ನು ಹಿಡಿದಿರಲಿಲ್ಲ. ಗೇಣಿಗಿಂತ ಹತ್ತಿರ ಹಿಡಿಯಬೇಡ, ನಿಲ್ಲಿಸಬೇಡ, ಬೀಸುತ್ತ ಹೋಗು ಎಂದು ಹೇಳಿಕೊಟ್ಟರು. ಹೊಡೆದೆ. ಬಣ್ಣ ಅಲ್ಲಲ್ಲಿ ಹರಿದು ಇಳಿಯಿತು. ಒಣಗಲು ಕಾದೆವು. ಅಮ್ಮ ಅನ್ನಕ್ಕಿಡಲು ಒಳಗೆ ಹೋದವಳು ಮತ್ತೆ ಹೊರಗೆ ಬಂದು ನಿಂತಳು.

ತಗಡಿನ ಮೇಲೆ ಗುಳ್ಳೆಗಳು ಎದ್ದವು. ಅಪ್ಪನ ಡೋರಿನಲ್ಲಿ ಎದ್ದಂಥವೇ, ಅಷ್ಟೇ ಸಣ್ಣವು.

ಅಪ್ಪ ಬಗ್ಗಿ ಅವುಗಳ ಮೇಲೆ ಬೆರಳು ಸವರಿದರು.

“ನಿನ್ ಕೈ ನಡುಗ್ತಾ?”

“ಇಲ್ಲಪ್ಪ.”

“ಸುಳ್ಳ್ ಹೇಳ್ಬ್ಯಾಡ.”

“ಇಲ್ಲಪ್ಪ. ನೀನೇ ನೋಡ್ತಾ ಇದ್ಯಲ್ಲ.”

ಅವರು ಒಳಗೆ ಹೋಗಿ ಊಟಕ್ಕೆ ಕೂತರು. ಎರಡು ಸಾರಿ ಅನ್ನ ಹಾಕಿಸಿಕೊಂಡರು.

ಚಿಕ್ಕಪ್ಪ ಹಿರಿಯೂರಿಗೆ ಹೋಗಲಿಲ್ಲ. ಅಪ್ಪನ ಹಳೆಯ ಲುಂಗಿ ಉಟ್ಟುಕೊಂಡು ಮಾರನೆಯ ಬೆಳಿಗ್ಗೆ ಪೈಪಿಗೆ ಕೈ ಹಾಕಿದ. ಇಳಿಜಾರನ್ನು ಮಾತ್ರ ಮುಟ್ಟುವುದಿಲ್ಲ ಎಂದ. ನೀರು ಹರಿಯಲಿ, ಆದರೆ ಗನ್ನಿಗೆ ಹೋಗದೆ ಮುಂದಕ್ಕೆ ಹೋಗಲಿ ಎಂಬುದು ಅವನ ಲೆಕ್ಕ. ಪೈಪಿನ ಹೊಟ್ಟೆಯಿಂದ ಇಳಿದಿದ್ದ ಮೂರು ಕವಲುಗಳನ್ನೂ ತಿರುಗಿಸಿ ಬೆನ್ನಿನ ಮೇಲಿಂದ ಎಬ್ಬಿಸಿದ. ಅಲ್ಲಿಂದ ಕೊಡೆಯ ಹಿಡಿಯಂತೆ ಬಾಗಿಸಿ ಕೆಳಗಿಳಿಸಿದ. ನೀರು ತಳದಲ್ಲಿ ಹರಿಯುತ್ತದೆ, ಗಾಳಿ ಮಾತ್ರ ಮೇಲಿನಿಂದ ಬರುತ್ತದೆ. ಕೊನೆಯ ಕವಲನ್ನು ದಾಟಿ ಪೈಪನ್ನು ಇನ್ನೂ ಮುಂದಕ್ಕೆ ಎಳೆದು, ಮೂಲೆಯಲ್ಲಿ ನೆಲದ ಹತ್ತಿರದವರೆಗೆ ಇಳಿಸಿ ಒಂದು ನಲ್ಲಿ ಇಟ್ಟ. ಅದು ನೀರಿನದು. ಕೆಲಸ ಶುರುವಾಗುವ ಮೊದಲು ಒಮ್ಮೆ, ನಡುವೆ ಆಗಾಗ ಒಮ್ಮೆ ಅದನ್ನು ತಿರುಗಿಸಬೇಕು.

ರಸ್ತೆಯಲ್ಲಿ ಹೋಗುವ ಡ್ರೈವರುಗಳು ಚಹಾಕ್ಕೆ ನಿಂತಾಗ ಒಳಗೆ ಇಣುಕಿ ನಗುತ್ತಿದ್ದರು. “ಏನಪ್ಪ, ನಲ್ಲಿ ಆಕಾಶಕ್ಕೆ ಮುಖ ಮಾಡೈತೆ? ಮೋಡಕ್ಕೆ ನೀರ್ ಕುಡಿಸ್ತೀಯೇನು?”

“ಹೂಂ, ಮಳೆ ಬರ್ಲಿ ಅಂತ” ಎಂದು ಚಿಕ್ಕಪ್ಪ ಏಣಿಯ ಮೇಲಿಂದಲೇ ಹೇಳುತ್ತಿದ್ದ. ಅವನಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಒಮ್ಮೆ ನನ್ನೊಡನೆ ಮೆಲ್ಲಗೆ ಹೇಳಿದ: “ಇಷ್ಟ್ ವರ್ಷ ನೀರು ಬರ್ಲಿ ಅಂತ ಪೈಪ್ ಎಳ್ದೋನು ನಾನು. ಬರ್ಬಾರ್ದು ಅಂತ ಎಳೆಯೋದು ಇದೇ ಮೊದ್ಲು.”

ಟಿಪ್ಪರಿನ ಗುಳ್ಳೆಗಳನ್ನೆಲ್ಲ ಮತ್ತೆ ಉಜ್ಜಿ ತೆಗೆದೆವು. ಅಪ್ಪ ಹೊಡೆದರು, ಬೆಳಿಗ್ಗೆಯೂ ಸಂಜೆಯೂ. ನಾನು ಮೂಲೆಯ ನಲ್ಲಿಯ ಹತ್ತಿರ ನಿಂತು ಬಕೀಟಿಗೆ ಕೆಂಪು ನೀರು ಬಸಿಯುತ್ತಿದ್ದೆ. ಎಲ್ಲ ಭಾಗಗಳೂ ಒಣಗಿ, ಬಲಗಡೆ ಡೋರಿನಲ್ಲಿ ಶೆಡ್ಡಿನ ಬಾಗಿಲು, ಬಾಗಿಲಾಚೆಯ ರಸ್ತೆ, ರಸ್ತೆಯಾಚೆಯ ಬೇವಿನ ಮರ ಕಂಡವು. ಚಿಕ್ಕಪ್ಪ ಅದರಲ್ಲಿ ತನ್ನ ಮೀಸೆ ನೋಡಿಕೊಂಡು ಊರಿಗೆ ಹೋದ.

ಅಂಚಿನ ಗೆರೆಗಳನ್ನು ಅಪ್ಪ ಟೇಪು ಅಂಟಿಸಿ ಗನ್ನಿನಲ್ಲೇ ಹೊಡೆದರು. ಟೇಪು ಕಿತ್ತಾಗ ಗೆರೆ ನೇರವಾಗಿತ್ತು. ಇನ್ನು ಉಳಿದದ್ದು ಬರಹ. ಡ್ರೈವರನ ತಲೆಯ ಮೇಲಿನ ಹಲಗೆಯಲ್ಲಿ ‘ಶ್ರೀ ಗುರು ಪ್ರಸನ್ನ’ ಎಂದು ಬರೆಯಬೇಕು. ಅಕ್ಷರಕ್ಕೆ ಟೇಪು ಆಗುವುದಿಲ್ಲ.

ಸಾಹುಕಾರರು ಅವತ್ತು ಬೆಳಿಗ್ಗೆಯೇ ಬಂದರು. ಗಾಡಿಯ ಸುತ್ತ ಬಂದು ತಲೆಯಾಡಿಸಿ, ಬೆಂಚಿನ ಮೇಲೆ ಕೂತರು. ಅಪ್ಪ ಏಣಿ ಹತ್ತಿದರು. ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಹಲಗೆಯ ಹತ್ತಿರ ಒಯ್ದರು. ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಹಿಡಿದರು. ಬ್ರಷ್ಷಿನ ತುದಿ ಹಲಗೆಯನ್ನು ಮುಟ್ಟಲಿಲ್ಲ. ನಾನು ಏಣಿ ಹಿಡಿದು ನಿಂತಿದ್ದೆ. ನಡುಕ ಏಣಿಯಲ್ಲೂ ಗೊತ್ತಾಗುತ್ತಿತ್ತು. ಅವರು ಉಸಿರು ಹಿಡಿದಿದ್ದರು. ಆ ಉಸಿರನ್ನು ಗೆರೆ ಎಳೆಯದೆಯೇ ಬಿಟ್ಟರು.

ಇಳಿದು ಬಂದು ಹೇಳಿದರು. “ಸಾವ್ಕಾರ್ರೆ, ಬರಹಕ್ಕೆ ಹೊಸದುರ್ಗದೋನು ಒಬ್ಬ ಅವ್ನೆ, ಚೆನ್ನಾಗಿ ಬರೀತಾನೆ. ಅವನನ್ನ ಕರೆಸ್ತೀನಿ.”

“ಯಾಕ್ರಿ, ನೀವೇ ಬರೀರಿ.”

“ಕಣ್ಣು ಹಿಡೀತಿಲ್ಲ.”

ಸಾಹುಕಾರರ ನೋಟ ಅಪ್ಪನ ಕಣ್ಣಿಗೆ ಹೋಗಲಿಲ್ಲ. ಬ್ರಷ್ಷು ಹಿಡಿದ ಕೈಯ ಮೇಲೆ ಒಂದು ಗಳಿಗೆ ನಿಂತಿತು. ಬಿಳಿ ಬಣ್ಣದ ಹನಿಗಳು ಅಪ್ಪನ ಕಾಲ ಹತ್ತಿರ ಬಿದ್ದಿದ್ದವು.

“ಕಣ್ಣಿಂದು ನಂಗೂ ಅದೇ ತೊಂದ್ರೆ” ಎಂದರು. “ವಯಸ್ಸಾಯ್ತಲ್ರಿ. ಕರೆಸ್ರಿ, ಯಾರಾದ್ರೇನು. ಮುಂದಿನ ಗಾಡಿ ಯಾವಾಗ ತರ್ಲಿ, ಅದನ್ನ ಹೇಳ್ರಿ.”

ಅಪ್ಪ ದಿನ ಹೇಳಿದರು.

ಹೊಸದುರ್ಗದ ಬರಹಗಾರ ಮಾರನೆಯ ದಿನ ಬಂದ. ಮೂವತ್ತರ ಆಸುಪಾಸಿನ ಸಣ್ಣ ಆಸಾಮಿ, ಮಾತು ಕಡಿಮೆ. ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಅಪ್ಪ ಅವನಿಗೆ ಬಣ್ಣ ಕಲಸಿಕೊಟ್ಟರು, ಗಟ್ಟಿ ಇದ್ದರೂ ಆಗದು, ತೆಳ್ಳಗಾದರೂ ಆಗದು ಎಂದು ಕಡ್ಡಿ ಎತ್ತಿ ಎತ್ತಿ ನೋಡಿ. ಅವನು ಏಣಿಯ ಮೇಲೆ ನಿಂತು ಒಂದು ದಾರಕ್ಕೆ ಸುಣ್ಣದ ಪುಡಿ ಹಚ್ಚಿದ. ಅಕ್ಷರಗಳ ತಳಕ್ಕೆ ಗೆರೆ ಬೇಕಿತ್ತು. ದಾರವನ್ನು ಬಿಗಿಯಾಗಿ ಹಿಡಿದು ಮೀಟಿದರೆ ಹಲಗೆಯ ಮೇಲೆ ನೇರ ಬಿಳಿ ಗೆರೆ ಬೀಳುತ್ತದೆ.

“ಯಜಮಾನ್ರೆ, ಆ ತುದಿ ಸ್ವಲ್ಪ ಹಿಡ್ಕಳ್ರಿ” ಎಂದ.

ನಾನು ಮುಂದೆ ಹೋದೆ. ಅಪ್ಪ ಬೇಡ ಎಂಬಂತೆ ಕೈ ಮಾಡಿ, ತಾವೇ ಬಂಪರಿನ ಮೇಲೆ ಹತ್ತಿ ನಿಂತು ದಾರದ ತುದಿ ಹಿಡಿದರು. ದಾರ ನಡುಗಿತು. ಅದರ ನಡುಕಕ್ಕೆ ಸುಣ್ಣದ ಪುಡಿ ಉದುರುತ್ತಿತ್ತು. ಬರಹಗಾರ ಮೀಟಲು ಎತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡು, ಹಲಗೆಯನ್ನೇ ನೋಡುತ್ತ ಕಾದ.

ಅಪ್ಪ ದಾರವನ್ನು ಗಾಡಿಯ ಪಕ್ಕದ ಕನ್ನಡಿಯ ಕಬ್ಬಿಣದ ಸರಳಿಗೆ ಎರಡು ಸುತ್ತು ಸುತ್ತಿ ಎಳೆದು, ಸರಳನ್ನೇ ಮುಷ್ಟಿಯಲ್ಲಿ ಹಿಡಿದರು.

“ಈಗ ಮೀಟು” ಎಂದರು.